ಉತ್ತರದ ಕೆಳಗೆ ಎರಡು ಗೆರೆ

ಗರುಡಾಚಾರ್‌ಪಾಳ್ಯ
14 ಜೂನ್ 1998

ಅಂಜನಮೂರ್ತಿ ಸರ್ ಅವರಿಗೆ, ಕಾವೇರಿಯ ನಮಸ್ಕಾರಗಳು.

ನಾವು ಸುರಪುರ ಬಿಟ್ಟು ಬಂದು ತಿಂಗಳಾಗುತ್ತಾ ಬಂತು. ಇಲ್ಲಿ ಮುನಿಶಾಮಿ ಅನ್ನುವವರ ವಠಾರದಲ್ಲಿ ಕೊನೆಯ ಕೋಣೆ ನಮ್ಮದು. ಅಪ್ಪನಿಗೆ ಒಂದು ಪ್ಲೇಟಿಂಗ್ ಶೆಡ್ಡಿನಲ್ಲಿ ಕೆಲಸ ಸಿಕ್ಕಿದೆ. ಕಬ್ಬಿಣದ ಸಾಮಾನಿಗೆ ಹೊಳಪಿನ ಲೇಪ ಹಾಕುವ ಜಾಗವಂತೆ. ಅಪ್ಪನದು ಚಕ್ರಕ್ಕೆ ಒತ್ತಿ ಉಜ್ಜುವ ಕೆಲಸ. ಅವ್ವ ಇಂದಿರಾನಗರದಲ್ಲಿ ಎರಡು ಮನೆಗಳ ಕೆಲಸ ಹಿಡಿದಿದ್ದಾಳೆ.

ಸೆಕೆಂಡ್ ಪಿಯುಸಿಯಲ್ಲಿ ಎಲ್ಲ ಪಾಸಾಗಿ ಕೆಮಿಸ್ಟ್ರಿ ಒಂದರಲ್ಲೇ ಹೋದದ್ದು ಇನ್ನೂ ಮನಸ್ಸಿನಲ್ಲಿ ಕುಟುಕುತ್ತಿದೆ. ಅಕ್ಟೋಬರಿನಲ್ಲಿ ಮತ್ತೆ ಕಟ್ಟುತ್ತೇನೆ. ಅಪ್ಪ ಖಡಾಖಂಡಿತವಾಗಿ ಹೇಳಿದ್ದಾರೆ: "ಪಾಸಾದ್ರ ಆಸ್ಪತ್ರಿ ಲ್ಯಾಬ್‌ನ ಕೋರ್ಸಿಗೆ ಕಳಸ್ತೀನಿ. ಇಲ್ಲಂದ್ರ ನೀನೂ ಗಾರ್ಮೆಂಟ್ಸಿಗೆ ನಡಿ." ಇಲ್ಲಿ ಟ್ಯೂಷನ್ ನಮ್ಮ ಕೈಗೆಟುಕುವಂಥದ್ದಲ್ಲ. ಲೆಕ್ಕಗಳನ್ನು ಅಂಚೆಯಲ್ಲಿ ಕಳಿಸಿದರೆ ತಿದ್ದಿ ಕಳಿಸುತ್ತೇನೆ ಎಂದು ನೀವು ಬಸ್‌ಸ್ಟ್ಯಾಂಡಿನಲ್ಲಿ ಹೇಳಿದ್ದಿರಿ. ಆ ಮಾತು ನಂಬಿಕೊಂಡಿದ್ದೇನೆ.

ಮೊದಲ ಲೆಕ್ಕ. 250 ಮಿಲಿ ದ್ರಾವಣದಲ್ಲಿ 4 ಗ್ರಾಂ ಸೋಡಿಯಂ ಹೈಡ್ರಾಕ್ಸೈಡ್ ಇದೆ, ಮೊಲಾರಿಟಿ ಎಷ್ಟು? ನನಗೆ 0.1 ಬಂತು. ಪುಸ್ತಕದ ಹಿಂದೆ ಬೇರೆ ಇದೆ.

ನಿಮ್ಮ ವಿದ್ಯಾರ್ಥಿನಿ,
ಕಾವೇರಿ


ಸುರಪುರ
22 ಜೂನ್ 1998

ಕಾವೇರಿಗೆ,

ಲೆಕ್ಕ ಮೊದಲು, ಕ್ಷೇಮ ಆಮೇಲೆ. ನನ್ನ ಅಭ್ಯಾಸ ನಿನಗೆ ಗೊತ್ತಿದ್ದದ್ದೇ.

0.1 ಎಂಬುದು ಮೋಲ್. ಕೇಳಿದ್ದು ಮೊಲಾರಿಟಿ. ಅದು ಲೀಟರಿಗೆ ಎಷ್ಟು ಮೋಲ್ ಎಂಬ ಲೆಕ್ಕ. ಕಾಲು ಲೀಟರಿನಲ್ಲಿ 0.1 ಇದ್ದರೆ ಒಂದು ಲೀಟರಿನಲ್ಲಿ 0.4. ನಿನ್ನ ರೋಗ ಇದೇ ಕಣಮ್ಮ. ಅಡುಗೆ ಮಾಡಿಟ್ಟು ಬಡಿಸದೆ ಎದ್ದುಹೋಗುತ್ತೀಯ. ಕೊನೆಯ ಮೆಟ್ಟಿಲು ಹತ್ತಿದ ಮೇಲೆ ಉತ್ತರ ಬರೆದು ಕೆಳಗೆ ಎರಡು ಗೆರೆ ಎಳೆಯಬೇಕು. ಎರಡು ಗೆರೆ ಬಿತ್ತೆಂದರೆ ಪೇಪರ್ ನೋಡುವವನಿಗೂ ಧೈರ್ಯ, ನಿನಗೂ ಧೈರ್ಯ.

ನಿನ್ನ ಬ್ಯಾಚಿನ ಅದೃಷ್ಟ ನೆನೆದರೆ ನಗು ಬರುತ್ತದೆ. ಆ ವರ್ಷವಿಡೀ ಲ್ಯಾಬಿಗೆ ಆ್ಯಸಿಡ್ಡೇ ಬರಲಿಲ್ಲ, ಬೀಗವೂ ತೆಗೆಯಲಿಲ್ಲ. ಆದರೂ ರೆಕಾರ್ಡ್ ಬುಕ್ ಅಂದವಾಗಿ ಬರೆದದ್ದಕ್ಕೆ ಪ್ರಾಕ್ಟಿಕಲ್ ಅಂಕ ಬಂದವು. ಬರೆಯಬೇಕಾದ ಥಿಯರಿಯಲ್ಲಿ ಮುಗ್ಗರಿಸಿದೆ!

ನೋಡು, ನಾನು ಕಗ್ಗದಾಸಪುರದವನು. ನನ್ನೂರಿನ ಪಕ್ಕಕ್ಕೆ ನೀನು ಹೋಗಿ ಕೂತಿದ್ದೀಯ, ನಿನ್ನೂರಿನ ಬಿಸಿಲಿನಲ್ಲಿ ನಾನು ಬೇಯುತ್ತಿದ್ದೇನೆ. ಆ ಕಡೆ ಹೋದರೆ ನಮ್ಮ ಕೆರೆಯಲ್ಲಿ ನೀರಿದೆಯೋ ಇಲ್ಲವೋ ನೋಡಿ ಬರೆ. ಪರೀಕ್ಷಾ ಕೇಂದ್ರ ಬದಲಿಸುವ ಅರ್ಜಿಗೆ ಪ್ರಿನ್ಸಿಪಾಲರ ಸಹಿ ಹಾಕಿಸಿದ್ದೇನೆ. ಹಲಸೂರಿನ ಕಡೆ ಸಿಗಬಹುದು.

ಅಂಜನಮೂರ್ತಿ


ಗರುಡಾಚಾರ್‌ಪಾಳ್ಯ
3 ಜುಲೈ 1998

ಸರ್, ನಮಸ್ಕಾರಗಳು.

ನಿಮ್ಮ ಕೆರೆ ನೋಡಿದೆ. ಒಂದು ಮೂಲೆಯಲ್ಲಿ ನೀರಿದೆ. ಇನ್ನೊಂದು ಮೂಲೆಗೆ ಲಾರಿಗಳು ಮಣ್ಣು ಸುರಿಯುತ್ತಿದ್ದವು. ಬರೆಯಬಾರದು ಅಂದುಕೊಂಡೆ, ಆದರೆ ನೀವು ಕೇಳಿದ್ದಿರಿ.

ಮೊಲಾರಿಟಿಯ ಹತ್ತು ಲೆಕ್ಕ ಮಾಡಿ ಇದರೊಡನೆ ಇಟ್ಟಿದ್ದೇನೆ. ಎಲ್ಲದಕ್ಕೂ ಎರಡು ಗೆರೆ ಎಳೆದಿದ್ದೇನೆ. ಅಪ್ಪ ಪಕ್ಕದಲ್ಲಿ ಕೂತು ನೋಡುತ್ತಿದ್ದರು. "ಇವ್ಯಾಕ ಗೆರಿ?" ಅಂದರು. ಉತ್ತರ ಪಕ್ಕಾ ಎಂದು ಹೇಳುವುದಕ್ಕೆ ಎಂದೆ. ಅವರಿಗೆ ಬಹಳ ಖುಷಿಯಾಯಿತು. ನನ್ನ ಮಗಳು ಕೆಮಿಸ್ಟ್ರಿ ಓದುತ್ತಾಳೆ ಎಂದು ಶೆಡ್ಡಿನಲ್ಲೆಲ್ಲ ಹೇಳಿಕೊಂಡು ಬಂದಿದ್ದಾರೆ. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದ ಹಾಗಾಯಿತು.

ಅಲ್ಲಿ ತುಕ್ಕು ತೆಗೆಯುವ ತೊಟ್ಟಿಗಳಿಗೆ ದ್ರಾವಣ ಬೆರೆಸುತ್ತಿದ್ದವರು ಶಿವಾಜಿನಗರದ ಮಂಜೂರ್ ಅಂತ ಒಬ್ಬರು. ಅವರು ಕೆಲಸ ಬಿಟ್ಟು ಹೋಗಿದ್ದಾರಂತೆ. ಸಾಹುಕಾರರಿಗೆ ಕೈಕಾಲು ಆಡುತ್ತಿಲ್ಲ ಎಂದು ಅಪ್ಪ ಹೇಳುತ್ತಿದ್ದರು.

ಕೊನೆಗೆ ಒಂದು ಲೆಕ್ಕ. ಇದು ಪುಸ್ತಕದ್ದಲ್ಲ, ಅಪ್ಪ ತಂದದ್ದು. 98 ಶೇಕಡಾ ಸಲ್ಫ್ಯೂರಿಕ್ ಆ್ಯಸಿಡ್ ಇದೆ, ಸಾಂದ್ರತೆ 1.84. ಅದರಿಂದ 2 ಮೋಲಾರ್ ದ್ರಾವಣ ನೂರು ಲೀಟರ್ ಮಾಡಬೇಕು. ಆ್ಯಸಿಡ್ ಎಷ್ಟು, ನೀರು ಎಷ್ಟು? ನಾನು ಅರ್ಧಕ್ಕೆ ನಿಂತಿದ್ದೇನೆ. ದಯವಿಟ್ಟು ಬೇಗ ಕಳಿಸಿ.

ಕಾವೇರಿ


ಸುರಪುರ
11 ಜುಲೈ 1998

ಕಾವೇರಿಗೆ,

ಹತ್ತರಲ್ಲಿ ಒಂಬತ್ತು ಸರಿ. ಶಹಬ್ಬಾಸ್! ಏಳನೆಯದನ್ನು ಮತ್ತೆ ಮಾಡು.

ಇನ್ನು ನಿನ್ನ ಅಪ್ಪನ ಲೆಕ್ಕ. ಅವರೂ ನಿನಗೆ ಪರೀಕ್ಷೆ ಇಡಲು ಶುರು ಮಾಡಿದರೋ? ಲೆಕ್ಕ ಮಾತ್ರ ಸೊಗಸಾಗಿದೆ, ಪರೀಕ್ಷೆಗೆ ಬರುವಂಥದ್ದೇ. 98 ಶೇಕಡಾ, ಸಾಂದ್ರತೆ 1.84 ಅಂದರೆ ಆ್ಯಸಿಡ್ 18.4 ಮೋಲಾರ್. 18.4 ರಿಂದ ಎಷ್ಟು ಲೀಟರ್ ಗುಣಿಸಿದರೆ 2 ಗುಣಿಸು 100 ಬರುತ್ತದೆ? 200 ನ್ನು 18.4 ರಿಂದ ಭಾಗಿಸು.

ಆ್ಯಸಿಡ್ 10.87 ಲೀಟರ್.
ನೀರು 89.13 ಲೀಟರ್.

ಕೆಳಗೆ ಎರಡು ಗೆರೆ. ನಿನ್ನ ಅಪ್ಪ ಭಗವಂತರಾಯರಿಗೆ ಉತ್ತರ ತೋರಿಸು, ಮೇಷ್ಟ್ರು ಪಾಸಾದರೋ ಇಲ್ಲವೋ ಕೇಳು.

ಕೆರೆಯ ಸುದ್ದಿ ಓದಿ ಬೇಜಾರಾಯಿತು. ಅಲ್ಲಿ ಈಜು ಕಲಿತವನು ನಾನು. ಸತ್ಯ ಬರೆದದ್ದಕ್ಕೆ ಸಂತೋಷ. ಮುಂದೆಯೂ ಹಾಗೆಯೇ ಬರೆ. ಈಗ ಸಮತೋಲನದ ಪಾಠ ಓದಲು ಶುರು ಮಾಡು. ಅಂಕ ಇರುವುದೇ ಅಲ್ಲಿ.

ಅಂಜನಮೂರ್ತಿ


ಗರುಡಾಚಾರ್‌ಪಾಳ್ಯ
16 ಆಗಸ್ಟ್ 1998

ಸರ್, ನಮಸ್ಕಾರಗಳು.

ತಿಂಗಳಿಂದ ಬರೆಯಲಿಲ್ಲ. ಕ್ಷಮಿಸಿ. ಅಪ್ಪನಿಗೆ ಕಣ್ಣಿನ ತೊಂದರೆ. ಕೆಲಸಕ್ಕೆ ಹೋಗುತ್ತಿಲ್ಲ. ವಾರಕ್ಕೆರಡು ಸಲ ಅವರ ಕೈಹಿಡಿದು ಶಿವಾಜಿನಗರದ ಆಸ್ಪತ್ರೆಗೆ ಕರೆದುಕೊಂಡು ಹೋಗಬೇಕು. ಈ ಕಾಗದವನ್ನು ಅಲ್ಲಿಯ ಬೆಂಚಿನ ಮೇಲೆ ಕೂತೇ ಬರೆಯುತ್ತಿದ್ದೇನೆ. ಅಕ್ಷರ ಸೊಟ್ಟಗಿದೆ.

ನೀವು ಕಳಿಸಿದ ಉತ್ತರವನ್ನು ಅಪ್ಪನಿಗೆ ಬರೆದುಕೊಟ್ಟೆ. ಲೆಕ್ಕ ಸರಿಯಾಗಿತ್ತು.

ಸಮತೋಲನ ಓದುತ್ತಿದ್ದೇನೆ. ಎರಡು ಪ್ರಶ್ನೆ ಇವೆ. ಕೆಲವು ಕ್ರಿಯೆಗಳು ಮುಂದಕ್ಕೂ ಹಿಂದಕ್ಕೂ ನಡೆಯುತ್ತವೆ, ಕೆಲವು ಒಂದೇ ಕಡೆಗೆ ಹೋಗಿ ಮುಗಿದುಬಿಡುತ್ತವೆ ಎಂದು ಪುಸ್ತಕದಲ್ಲಿದೆ. ಮುಗಿದುಹೋದದ್ದನ್ನು ಯಾವ ರೀತಿಯಲ್ಲೂ ಹಿಂದಕ್ಕೆ ತರಲು ಆಗುವುದಿಲ್ಲವೇ?

ಎರಡನೆಯದು. ಆ್ಯಸಿಡ್‌ಗೆ ನೀರು ಹಾಕಿದರೆ ಬಿಸಿಯಾಗುತ್ತದೆಯೇ? ಎಷ್ಟು?

ಕಾವೇರಿ


ಸುರಪುರ
24 ಆಗಸ್ಟ್ 1998

ಕಾವೇರಿಗೆ,

ಮೊದಲ ಪ್ರಶ್ನೆ. ಒಂದೇ ಕಡೆಗೆ ಹೋಗುವ ಕ್ರಿಯೆ ಹೋದದ್ದೇ. ಸುಟ್ಟ ಕಾಗದ ಮತ್ತೆ ಕಾಗದವಾಗದು. ಅದನ್ನು ಬಿಟ್ಟು ಎರಡೂ ಕಡೆ ನಡೆಯುವವನ್ನು ಹಿಡಿ. ಹೊರಗಿನಿಂದ ನೋಡಿದರೆ ಏನೂ ಆಗದೆ ನಿಂತ ಹಾಗೆ ಕಾಣುತ್ತದೆ. ಒಳಗೆ ಎರಡೂ ಕಡೆಯ ಕೆಲಸ ಒಂದೇ ವೇಗದಲ್ಲಿ ಸಾಗುತ್ತಲೇ ಇರುತ್ತದೆ. ಸಮತೋಲನ ಅಂದರೆ ಇಷ್ಟೇ.

ಎರಡನೆಯದು. ಬಿಸಿಯಾಗುವುದೇನು, ಕುದ್ದು ಮುಖಕ್ಕೆ ಸಿಡಿಯುತ್ತದೆ! ಅದಕ್ಕೇ ಯಾವಾಗಲೂ ನೀರಿಗೆ ಆ್ಯಸಿಡ್ ಹಾಕಬೇಕು, ಆ್ಯಸಿಡ್‌ಗೆ ನೀರನ್ನಲ್ಲ. ಇದು ಲ್ಯಾಬಿನ ಮಾತು. ಇದಕ್ಕೆ ಅಂಕವಿಲ್ಲ, ಬಿಡು.

ಮುಂದಿನ ಲೆಕ್ಕ. ಒಂದು ಲೀಟರಿನ ಪಾತ್ರೆಯಲ್ಲಿ ಒಂದು ಮೋಲ್ ಹೈಡ್ರೋಜನ್, ಒಂದು ಮೋಲ್ ಅಯೋಡಿನ್. ಸಮತೋಲನ ಸ್ಥಿರಾಂಕ 49. ಕೊನೆಗೆ ಹೈಡ್ರೋಜನ್ ಅಯೊಡೈಡ್ ಎಷ್ಟು?

ಈಗ ಕ್ಷೇಮ. ಅಪ್ಪನಿಗೆ ಮದ್ರಾಸ್ ಐ ಆಗಿರಬೇಕು. ಇಲ್ಲಿ ನನ್ನ ಅರ್ಧ ಕ್ಲಾಸಿಗೆ ಆಗಿದೆ. ನಂದಿಬಟ್ಟಲು ಹೂವು ನೆನೆಸಿದ ನೀರಿನಲ್ಲಿ ತೊಳೆಯಲಿ, ನೀನು ಅವರ ಟವೆಲ್ ಮುಟ್ಟಬೇಡ. ಶಿವಾಜಿನಗರಕ್ಕೆ ಹೋದಾಗ ಹಳೆಯ ಪ್ರಶ್ನೆಪತ್ರಿಕೆ ಸಿಕ್ಕರೆ ಕೊಂಡುಕೋ.

ಮಹಾಲಯ ಅಮಾವಾಸ್ಯೆಗೆ ನಮ್ಮಪ್ಪನಿಗೆ ಎಡೆ ಇಡಲು ಕಗ್ಗದಾಸಪುರದ ಅಣ್ಣನ ಮನೆಗೆ ಬರುತ್ತೇನೆ. ನಿಮ್ಮಲ್ಲಿಗೂ ಬಂದು ಹೋಗುತ್ತೇನೆ. ನಿನ್ನ ಅವ್ವನ ಕೈಯ ಜೋಳದ ರೊಟ್ಟಿ ಸಿಗಲಿ.

ಅಂಜನಮೂರ್ತಿ


ಗರುಡಾಚಾರ್‌ಪಾಳ್ಯ
4 ಸೆಪ್ಟೆಂಬರ್ 1998

ಸರ್,

ದಯವಿಟ್ಟು ಬರಬೇಡಿ. ನಾವು ಈ ಕೋಣೆ ಬಿಟ್ಟು ಮರ್ಫಿ ಟೌನಿಗೆ ಹೋಗುವವರಿದ್ದೇವೆ. ವಿಳಾಸ ಇನ್ನೂ ಗೊತ್ತಿಲ್ಲ. ಅವ್ವನೂ ಮನೆಯಲ್ಲಿರುವುದಿಲ್ಲ. ಪರೀಕ್ಷೆ ಮುಗಿದ ಮೇಲೆ ನಾನೇ ಬಂದು ಕಾಣುತ್ತೇನೆ.

ಹೈಡ್ರೋಜನ್ ಅಯೊಡೈಡ್ ಲೆಕ್ಕಕ್ಕೆ 0.78 ಬಂತು. ಸರಿಯೇ? ಇನ್ನೂ ಹತ್ತು ಲೆಕ್ಕ ಕಳಿಸಿ. ಸಮತೋಲನ ಮಾತ್ರ ತಲೆಗೆ ಹತ್ತುತ್ತಿಲ್ಲ.

ಕಾವೇರಿ


ಸುರಪುರ
26 ಸೆಪ್ಟೆಂಬರ್ 1998

ಕಾವೇರಿಗೆ,

ನೀನು ಬರಬೇಡಿ ಎಂದದ್ದು ಸಂಕೋಚಕ್ಕೆ ಅಂದುಕೊಂಡೆ. ಬಡತನ ಕಂಡರೆ ಮೇಷ್ಟ್ರು ಏನಂದುಕೊಳ್ಳುತ್ತಾರೋ ಎಂಬ ನಾಚಿಕೆ ಇರಬೇಕು, ಬೈದು ಬರೋಣ ಎಂದು ಅಮಾವಾಸ್ಯೆಯ ಮರುದಿನ ಬಾಳೆಹಣ್ಣು ಹಿಡಿದು ಬಂದೆ.

ವಠಾರದ ಬಾಗಿಲಲ್ಲಿ ಮುನಿಶಾಮಿಯವರು ನಿಂತಿದ್ದರು. "ಯಾರು ಬೇಕು ಸಾರ್? ಆ್ಯಸಿಡ್ ಬಿದ್ದೋರ ಮನೇನಾ? ಕೊನೇ ರೂಮು, ಹೋಗಿ" ಅಂದರು. ಬೇರೆ ಯಾರದೋ ಇರಬೇಕು ಎಂದುಕೊಂಡೇ ನಡೆದೆ.

ನಿನ್ನ ಅಪ್ಪ ಹೊಸ್ತಿಲಲ್ಲಿ ಕೂತಿದ್ದರು. ದನಿಯಿಂದಲೇ ಗುರುತು ಹಿಡಿದರು. "ಬರ್ರಿ ಸರ್. ಕಾವೇರಿ ಇಲ್ರಿ, ಗುಳಿಗಿ ತರಾಕ ಹೋಗ್ಯಾಳ" ಎಂದು ಎದ್ದು, ಗೋಡೆ ಸವರಿಕೊಂಡು ಒಳಗೆ ಹೋಗಿ ಚಾಪೆ ತಂದು ಹಾಸಿದರು. ಆ ಮುಖವನ್ನು ನಾನು ನೆಟ್ಟಗೆ ನೋಡಲಿಲ್ಲ. ನನ್ನನ್ನು ನೋಡಲು ಅವರಿಗೆ ಕಣ್ಣಿರಲಿಲ್ಲ, ನನಗೆ ಅದೇ ಅನುಕೂಲವಾಯಿತು. ಇದನ್ನು ಬರೆಯಲು ನಾಚಿಕೆಯಾಗುತ್ತದೆ.

ಹೇಗಾಯಿತು ಎಂದು ಕೇಳಿದೆ. ಕತೆ ಹೇಳಿದಂತೆ ಹೇಳಿದರು. "ಮಂಜೂರ್ ಭಾಯ್ ಇರ್ಲಿಲ್ರಿ. ಸಾಹುಕಾರ್ರು ನೀನ ಬೆರಸು ಅಂದ್ರು. ಕಾವೇರಿ ಚೀಟಿ ಬರ್ದು ಕೊಟ್ಟಿದ್ಳು. ಮೊದಲ ಆ್ಯಸಿಡ್ ಅಂತಿತ್ತು, ಅದನ್ನ ತೊಟ್ಟಿಗಿ ಹಾಕ್ದೆ. ಎರಡನೇದು ನೀರು ಅಂತಿತ್ತು, ಕೊಡದಾಗ ತಂದು ಸುರುವಿದೆ. ಅಷ್ಟ ರೀ." ಆಮೇಲೆ ನನಗೇ ಸಮಾಧಾನ ಹೇಳಿದರು: "ನಿಮ್ಮ ಲೆಕ್ಕ ಬರೋಬ್ಬರಿ ಇತ್ರಿ ಸರ್. ಎರಡು ಗೆರಿ ಎಳ್ದಿದ್ಳು, ತಪ್ಪು ಹ್ಯಾಂಗಿದ್ದೀತು? ನನ್ನ ಕೈ ತಪ್ಪಿತ್ರಿ."

ಚೀಟಿಯಲ್ಲಿದ್ದ ಕ್ರಮ ನನ್ನದು. ಹದಿನಾಲ್ಕು ವರ್ಷದಿಂದ ಬೋರ್ಡಿನ ಮೇಲೆ ಹಾಗೆಯೇ ಬರೆದಿದ್ದೇನೆ, ಮೊದಲು ಆ್ಯಸಿಡ್, ಆಮೇಲೆ ನೀರು. ಅಪ್ಪ ತಂದ ಲೆಕ್ಕ ಎಂದು ನೀನು ಬರೆದಿದ್ದೆ, ತೊಟ್ಟಿಯ ಸಂಗತಿಯನ್ನೂ ಬರೆದಿದ್ದೆ. ನಾನು ಅಂಕಿ ಮಾತ್ರ ಓದಿದೆ.

ಹೊರಟಾಗ ಕೇಳಿದರು, "ನನ್ನ ಮಗಳು ಪಾಸಾಗ್ತಾಳೇನ್ರಿ?" ಆಗುತ್ತಾಳೆ ಎಂದೆ. ಆದರೆ ಇನ್ನು ನನ್ನ ಕೈಯಿಂದ ಲೆಕ್ಕ ಬರುವುದಿಲ್ಲ, ಕಾವೇರಿ. ಪೆನ್ನು ಹಿಡಿದರೆ ಆ ಮುಖ ಬರುತ್ತದೆ. ಬೀಗ ಹಾಕದ ಲ್ಯಾಬ್ ಇರುವ ಕಡೆ ಬೇರೆ ಯಾರನ್ನಾದರೂ ಹುಡುಕಿಕೋ.

ಅಂಜನಮೂರ್ತಿ


ಗರುಡಾಚಾರ್‌ಪಾಳ್ಯ
1 ಅಕ್ಟೋಬರ್ 1998

ಸರ್,

ನೀವು ಬಂದು ಹೋದದ್ದರಿಂದ ಅಪ್ಪ ಎರಡು ದಿನ ಚೆನ್ನಾಗಿ ಊಟ ಮಾಡಿದರು. ನಿಮ್ಮ ಪತ್ರವನ್ನು ಮಾತ್ರ ಅವರಿಗೆ ಓದಿ ಹೇಳಲಿಲ್ಲ.

ಈ ವಿಷಯ ನಿಮಗೆ ಯಾಕೆ ಬರೆಯಲಿಲ್ಲ, ಮರ್ಫಿ ಟೌನಿನ ಸುಳ್ಳು ಯಾಕೆ ಹೇಳಿದೆ ಗೊತ್ತೇ? ಆಸ್ಪತ್ರೆಯಲ್ಲಿ ಮುಖಕ್ಕೆ ಪಟ್ಟಿ ಸುತ್ತಿದ್ದಾಗ ಅಪ್ಪ ನನ್ನಿಂದ ಮಾತು ತೆಗೆದುಕೊಂಡರು. "ಸರ್‌ಗ ಹೇಳಬ್ಯಾಡ. ಹೇಳಿದ್ರ ಅವರು ಲೆಕ್ಕ ಕಳಸೋದು ನಿಲ್ಲಸ್ತಾರ. ನನ್ನ ಕಣ್ಣು ಹೋತು, ನಿನ್ನ ಪರೀಕ್ಷಾನೂ ಹೋಗಬಾರ್ದು." ಅವರು ಹೇಳಿದಂತೆಯೇ ಆಯಿತು.

ನನಗೆ ನಿಮ್ಮ ಮೇಲೆ ಸಿಟ್ಟಿದೆ. ಲೆಕ್ಕಕ್ಕಲ್ಲ. "ಇದಕ್ಕೆ ಅಂಕವಿಲ್ಲ, ಬಿಡು" ಎಂದು ಬರೆದಿರಲ್ಲ, ಆ ಸಾಲಿಗೆ. ಅದನ್ನು ಆಸ್ಪತ್ರೆಯ ಬೆಂಚಿನ ಮೇಲೆ ಓದಿದೆ. ಅಪ್ಪ ಪಕ್ಕದಲ್ಲಿ ಕೂತು ಸರ್ ಏನು ಬರೆದಿದ್ದಾರೆ ಎಂದು ಕೇಳುತ್ತಿದ್ದರು. ನಿಮಗೆ ಪೆನ್ನು ಹಿಡಿದರೆ ಅಪ್ಪನ ಮುಖ ಬರುತ್ತದೆ ಎಂದಿರಿ. ನನಗೆ ಪೆನ್ನು ಹಿಡಿಯದಿದ್ದರೂ ಎದುರಿಗೇ ಇರುತ್ತದೆ. ಆ ಚೀಟಿ ಬರೆದ ಕೈ ನನ್ನದು ಸರ್. ರೆಕಾರ್ಡ್ ಬುಕ್ಕಿನಲ್ಲಿ ಎಷ್ಟೋ ಸಲ ಆ್ಯಸಿಡ್ ಎಂದು ಬರೆದಿದ್ದೆ, ಒಮ್ಮೆಯೂ ಕಂಡಿರಲಿಲ್ಲ.

ನೀವು ದುಃಖಪಡಿ, ಬೇಡ ಅನ್ನುವುದಿಲ್ಲ. ಆದರೆ ಲೆಕ್ಕ ಕಳಿಸಿ ದುಃಖಪಡಿ. 0.78 ಸರಿಯೋ ತಪ್ಪೋ ಎಂಬುದನ್ನೂ ಹೇಳಲಿಲ್ಲ ನೀವು.

ಕಾವೇರಿ


ಗರುಡಾಚಾರ್‌ಪಾಳ್ಯ
9 ಅಕ್ಟೋಬರ್ 1998

ಸರ್,

ದಿನವೂ ಅಂಚೆಯವರ ದಾರಿ ಕಾದೆ. ಸೋಮವಾರ ಪರೀಕ್ಷೆ. ಹಲಸೂರಿನ ಕೇಂದ್ರವೇ ಸಿಕ್ಕಿದೆ. ಅಪ್ಪ ಬಸ್‌ಸ್ಟಾಪಿನವರೆಗೆ ಬರುತ್ತೇನೆ ಎನ್ನುತ್ತಿದ್ದಾರೆ.

ಕಾವೇರಿ


ಗರುಡಾಚಾರ್‌ಪಾಳ್ಯ
13 ಡಿಸೆಂಬರ್ 1998

ಸರ್, ನಮಸ್ಕಾರಗಳು.

ಫಲಿತಾಂಶ ಬಂತು. ಮೂವತ್ತೊಂದು. ನಾಲ್ಕು ಅಂಕಕ್ಕೆ ಹೋಯಿತು.

ಸಮತೋಲನದ ಲೆಕ್ಕ ಬಂದಿತ್ತು, ಅರ್ಧಕ್ಕೆ ನಿಂತಿತು. ಅದಕ್ಕೆ ಅಷ್ಟು ಬೇಜಾರಿಲ್ಲ. ಅದೇ ಪತ್ರಿಕೆಯಲ್ಲಿ ಸಲ್ಫ್ಯೂರಿಕ್ ಆ್ಯಸಿಡ್ ತೆಳುಮಾಡುವ ಲೆಕ್ಕವೂ ಇತ್ತು, ಐದು ಅಂಕದ್ದು. ಅಂಕಿ ಬೇರೆ, ಲೆಕ್ಕ ಅದೇ. ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಮಾಡಬಲ್ಲೆ. ಆ್ಯಸಿಡ್ ಎಂದು ಬರೆದೆ. ಮುಂದಕ್ಕೆ ಕೈ ಹೋಗಲಿಲ್ಲ. ಬರೆದದ್ದನ್ನು ಹೊಡೆದುಹಾಕಿ ಎದ್ದು ಬಂದೆ.

ಅಂಕಪಟ್ಟಿ ತಂದ ದಿನ ಅಪ್ಪ ಅದನ್ನು ಕೈಗೆ ತೆಗೆದುಕೊಂಡು ಎರಡೂ ಕಡೆ ಸವರಿದರು. "ಕೆಮಿಸ್ಟ್ರಿ ಎಲ್ಲೈತಿ, ತೋರಸು" ಅಂದರು. ಅವರ ಬೆರಳು ಹಿಡಿದು ಮೂವತ್ತೊಂದರ ಮೇಲೆ ಇಟ್ಟು, ಐವತ್ತೆಂಟು ಎಂದೆ. ಬೆರಳನ್ನು ಅಲ್ಲಿಂದ ತೆಗೆಯಲೇ ಇಲ್ಲ ಅವರು. ಅತ್ತರು. ಅವ್ವನಿಗೆ ಓದು ಬರುವುದಿಲ್ಲ. ಅವಳು ಸಕ್ಕರೆ ತಂದು ವಠಾರಕ್ಕೆಲ್ಲ ಹಂಚಿದಳು.

ಈಗ ಬೆಳಿಗ್ಗೆ ಲ್ಯಾಬ್ ಕೋರ್ಸಿಗೆ ಎಂದು ಹೇಳಿ ಗಾರ್ಮೆಂಟ್ಸಿಗೆ ಹೋಗುತ್ತಿದ್ದೇನೆ. ಸಂಜೆ ಬಂದಾಗ, ಇವತ್ತು ಏನು ಕಲಿಸಿದರು ಎಂದು ಕೇಳುತ್ತಾರೆ. ಏನೋ ಹೇಳುತ್ತೇನೆ. ಸುಳ್ಳು ಹೇಳಿ ಹೇಳಿ ಸಾಕಾಗಿದೆ ಸರ್.

ಏಪ್ರಿಲಿನ ಪರೀಕ್ಷೆಗೆ ಫೀ ಕಟ್ಟಿದ್ದೇನೆ. ನಾನು ಹೇಳಿದ್ದು ನಿಜವಾಗಬೇಕಾದರೆ ಅದೊಂದೇ ದಾರಿ. ನಿಮ್ಮನ್ನು ಬಿಟ್ಟರೆ ನನಗೆ ಕಲಿಸುವವರು ಯಾರೂ ಇಲ್ಲ. ಇದು ನನ್ನ ಕೊನೆಯ ಪತ್ರ. ಇದಕ್ಕೂ ಉತ್ತರ ಬರದಿದ್ದರೆ ಪುಸ್ತಕ ಕಟ್ಟಿ ಇಟ್ಟುಬಿಡುತ್ತೇನೆ.

ಕಾವೇರಿ


ಸುರಪುರ
22 ಡಿಸೆಂಬರ್ 1998

ಕಾವೇರಿಗೆ,

ಅಪ್ಪ ಹೇಗಿದ್ದಾರೆ? ನೋವು ಕಡಿಮೆಯಾಗಿದೆಯೇ? ಒಬ್ಬರೇ ಹೊರಗೆ ಓಡಾಡುತ್ತಾರೆಯೇ? ಮರುಟಪಾಲಿಗೆ ಮೊದಲು ಇದನ್ನು ಬರೆ. ಲೆಕ್ಕ ಆಮೇಲೆ.

0.78 ತಪ್ಪು. ಅದು ಖರ್ಚಾದ ಹೈಡ್ರೋಜನ್. ಅಯೊಡೈಡ್ ಅದರ ಎರಡರಷ್ಟು, 1.56. ಈ ಮಾತನ್ನು ಸೆಪ್ಟೆಂಬರಿನಲ್ಲೇ ಹೇಳಬೇಕಿತ್ತು. ಹೇಳಲಿಲ್ಲ. ಸಮತೋಲನದ ಉಳಿದ ಲೆಕ್ಕಗಳು ಇದೇ ಲಕೋಟೆಯಲ್ಲಿವೆ.

ಅವಕ್ಕಿಂತ ಮುಂಚೆ ಇದೊಂದನ್ನು ಮಾಡು. ಒಂದು ದೊಡ್ಡ ತೊಟ್ಟಿಯಲ್ಲಿ ಮೊದಲು 89.13 ಲೀಟರ್ ನೀರು ತುಂಬಿದೆ. ಅದರೊಳಗೆ ಸ್ವಲ್ಪ ಸ್ವಲ್ಪವಾಗಿ, ಕಲಕುತ್ತಾ, ದೂರ ನಿಂತು, 18.4 ಮೋಲಾರ್ ಸಲ್ಫ್ಯೂರಿಕ್ ಆ್ಯಸಿಡ್ 10.87 ಲೀಟರ್ ಹಾಕಿದ್ದಾರೆ. ಈಗ ದ್ರಾವಣದ ಮೊಲಾರಿಟಿ ಎಷ್ಟು?

ಉತ್ತರ ನಿನಗೂ ಗೊತ್ತು, ನನಗೂ ಗೊತ್ತು. ಆದರೂ ಪೂರ್ತಿ ಬರೆದು ಕಳಿಸು. ಕೈ ನಿಂತರೆ ನಿಲ್ಲಲಿ, ನಾಳೆ ಮತ್ತೆ ಬರೆ. ಏನನ್ನು ಯಾವುದಕ್ಕೆ ಹಾಕಿದರು ಎಂಬ ಸಾಲು ಇರಬೇಕು. ಅದಿಲ್ಲದೆ ಕೆಳಗೆ ಗೆರೆ ಎಳೆಯಬೇಡ. ನಾನೂ ಈಗ ಬೋರ್ಡಿನ ಮೇಲೆ ಎಳೆಯುವುದಿಲ್ಲ.

ಅಪ್ಪನಿಗೆ ಐವತ್ತೆಂಟು ಎಂದು ಹೇಳಿಬಿಟ್ಟಿದ್ದೀಯ. ಪಾಸಾಗುತ್ತಾಳೆ ಎಂದು ನಾನೂ ಅವರಿಗೆ ಹೇಳಿ ಬಂದಿದ್ದೇನೆ. ಏಪ್ರಿಲಿನಲ್ಲಿ ಅದಕ್ಕಿಂತ ಒಂದು ಅಂಕವೂ ಕಡಿಮೆಯಾಗುವ ಹಾಗಿಲ್ಲ.

ಅಂಜನಮೂರ್ತಿ